ಹೊಸ ಚಿಪ್ ಬರುವವರೆಗೆ

ಜೂನ್ 24

ಪಂಡಿತರೇ,

ನಮ್ಮ ಮನೆಯ ಕಂಪ್ಯೂಟರು ಕೊನೆಗೂ ಕಣ್ಣು ಮುಚ್ಚಿತು. ಗುಂಡಿ ಒತ್ತಿದರೆ ಒಂದು ನಿಟ್ಟುಸಿರು ಬಿಡುತ್ತದೆ, ಅಷ್ಟೇ. ನಿನ್ನ ಭಾವ ಅದರ ಬೆನ್ನು ತಟ್ಟಿ ನೋಡಿದರು, ತಲೆಕೆಳಗು ಮಾಡಿ ನೋಡಿದರು, ಆಮೇಲೆ ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇಡಲು ಶುರು ಮಾಡಿದರು.

ಹೊಸದು ಬೇಕು. ಅಂಗಡಿಗೆ ಹೋಗಿದ್ದೆವು. ನಮಗೆ ಬೇಕಾದದ್ದು ಅಲ್ಲೇ ಇತ್ತು. ಆದರೆ ಅಂಗಡಿಯವನು ಒಳ್ಳೆಯ ಮನುಷ್ಯ, ಮಾರುವ ಮೊದಲೇ ಹೇಳಿಬಿಟ್ಟ: "ನೋಡಿ ಮೇಡಂ, ಇದು ಹಳೇ ಚಿಪ್ಪಿಂದು. ಕಂಪನಿಯವ್ರು ವರ್ಷದ ಕೊನೆಗೆ ತಮ್ದೇ ಹೊಸ ಚಿಪ್ ತರ್ತಾರಂತೆ. ಆಮೇಲೆ ನನ್ನ ಬೈಕೋಬೇಡಿ." ಈಗ ಏನು ಮಾಡಲಿ? ಈಗಲೇ ಹಳೆಯದನ್ನು ತೆಗೆದುಕೊಳ್ಳಲೇ, ಹೊಸದಕ್ಕೆ ಕಾಯಲೇ? ಒಂದೇ ಸಾಲಿನ ಉತ್ತರ ಕೊಡು. ನಿನ್ನಿಂದ ಆಗದು, ಗೊತ್ತು. ಆದರೂ ಕೇಳುತ್ತಿದ್ದೇನೆ.

ಕೆಲಸ ಬಹಳವೇನಿಲ್ಲ. ಒಂದಿಷ್ಟು ಓದಿ ರೆಕಾರ್ಡ್ ಮಾಡಿಕೊಳ್ಳಬೇಕು. ನನ್ನ ಮಗಳು ಚಿಲ್ಟಾರಿಗೆ ಕಥೆಗಳು, ಅದು ಇದು. ಪರಿಚಯದ ಡಾಕ್ಟರಮ್ಮ ಒಬ್ಬರು ಅದಕ್ಕೊಂದು ಪ್ರೋಗ್ರಾಂ ಕೊಟ್ಟಿದ್ದಾರೆ, ಜೊತೆಗೆ ಮೈಕ್ ಸಿಕ್ಕಿಸುವ ಸಣ್ಣ ಡಬ್ಬಿಯೊಂದನ್ನೂ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಕಂಪ್ಯೂಟರಿನ ಮಾತು ಬಂದರೆ ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಸಂದು ಕೊಡುವುದಿಲ್ಲ. ಪತ್ರದಲ್ಲಾದರೆ ನನಗೂ ಸರದಿ ಬರುತ್ತದೆ.

ಮೊನ್ನೆ ಡ್ರೈವಿಂಗ್ ಸ್ಕೂಲಿನಲ್ಲಿ ಒಂದು ತಮಾಷೆ. ಬ್ಯಾಂಕ್ ಮ್ಯಾನೇಜರೊಬ್ಬರು ನನ್ನ ಹತ್ತಿರ ಕಲಿಯಲು ಬರುತ್ತಿದ್ದಾರೆ. ಸರ್ಕಲ್ ಹತ್ತಿರ "ನಿಲ್ಸಿ, ನಿಲ್ಸಿ" ಅಂದೆ. ಅವರು ಆರಾಮಾಗಿ ಹೋಗುತ್ತಲೇ ಇದ್ದರು. ನನ್ನ ಕಾಲ ಬಳಿಯ ಬ್ರೇಕನ್ನು ನಾನೇ ಒತ್ತಬೇಕಾಯಿತು. ಕೇಳಿದರೆ, "ಮೇಡಂ, ನೀವು ಇಳ್ಸಿ ಅಂದ್ರಿ. ನಾನು ಕಿಟಕಿ ಗ್ಲಾಸ್ ಇಳ್ಸ್ತಾ ಇದ್ದೆ!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಿನ್ನ ಹೆಂಡತಿಗೆ ಭಾರ ಎತ್ತಲು ಬಿಡಬೇಡ.

ನಿನ್ನ ಅಕ್ಕ


ಜುಲೈ 3

ಅಕ್ಕಾ,

ತೆಗೆದುಕೊಳ್ಳಬೇಡ.

ಒಂದೇ ಸಾಲು ಕೇಳಿದ್ದೆ, ಕೊಟ್ಟೆ. ಈಗ ಉಳಿದದ್ದನ್ನು ಓದು.

ಚಿಪ್ ಎಂದರೆ ಕಂಪ್ಯೂಟರಿನ ತಲೆ. ಇಷ್ಟು ದಿನ ಕಂಪನಿ ಬೇರೆಯವರ ಹತ್ತಿರ ತಲೆ ಮಾಡಿಸಿ ತಂದು ಕೂರಿಸುತ್ತಿತ್ತು. ಇನ್ನು ತಾನೇ ಮಾಡಿಕೊಳ್ಳುತ್ತದಂತೆ. ಹೊಸ ತಲೆ, ಹೊಸ ಭಾಷೆ. ಬಿಸಿಯಾಗದು, ಸದ್ದು ಮಾಡದು, ಬ್ಯಾಟರಿ ಬೇಗ ಇಳಿಯದು. ಅದು ಬಂದ ಮರುದಿನದಿಂದ ಹಳೆಯದನ್ನು ಕೇಳುವವರಿರುವುದಿಲ್ಲ. ಸ್ವಲ್ಪ ಕಾಲ ಹಳೆಯದಕ್ಕೂ ಔಷಧ, ಅಂದರೆ ಅಪ್‌ಡೇಟ್, ಕೊಡುತ್ತೇವೆ ಎನ್ನುತ್ತಾರೆ, ಆಮೇಲೆ ಕೈಬಿಡುತ್ತಾರೆ. ಹಿಂದೊಮ್ಮೆ ಇದೇ ಕಂಪನಿ ಹೀಗೆಯೇ ತಲೆ ಬದಲಾಯಿಸಿದಾಗ ನಾನು ಹಳೆಯದನ್ನು ಕೊಂಡು ಕೈ ಸುಟ್ಟುಕೊಂಡಿದ್ದು ನಿನಗೆ ನೆನಪಿರಬೇಕು. ನೀನೇ ಅಲ್ಲವೇ ಅದನ್ನು "ದೊಡ್ಡ ಪೇಪರ್‌ವೇಟ್" ಎಂದು ಕರೆದು ಮನೆ ತುಂಬ ಆಡಿಕೊಂಡದ್ದು?

ಇದು ನನ್ನ ಅನ್ನದ ಕೆಲಸ. ದಿನವಿಡೀ ಇವುಗಳ ಮುಂದೆ ಕೂತು ಪಠ್ಯಪುಸ್ತಕಗಳ ಪುಟ ಕಟ್ಟುವವನು ನಾನು. ನನ್ನ ಮಾತು ನಂಬು. ಏನವಸರ? ಕಥೆಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಚಿಲ್ಟಾರಿಯನ್ನು ಈಗ ಪಕ್ಕದಲ್ಲಿ ಕೂರಿಸಿಕೊಂಡು ಹೇಳು, ರೆಕಾರ್ಡು ವರ್ಷದ ಕೊನೆಗೆ ಮಾಡು.

ನಿನ್ನ ಬ್ಯಾಂಕ್ ಮ್ಯಾನೇಜರಿನ ಕಥೆ ಪ್ರೆಸ್ಸಿನಲ್ಲಿ ಹೇಳಿದೆ. ಪ್ರೂಫ್ ನೋಡುವವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ತಮ್ಮ


ಜುಲೈ 17

ಪ್ರೀತಿಯ ತಮ್ಮನಿಗೆ,

ಸರಿ, ಕಾಯುತ್ತೇನೆ. ನಿನ್ನ ಭಾವನಿಗೆ ಸಮಾಧಾನವಿಲ್ಲ. "ಈಗ್ಲೇ ತಗೊಂಡ್ಬಿಡೋಣ, ಯಾಕೆ ಕಾಯೋದು?" ಎಂದು ಬೆನ್ನು ಹತ್ತಿದ್ದಾರೆ. "ನನ್ನ ತಮ್ಮ ಹೇಳಿದ್ಮೇಲೆ ಮುಗೀತು" ಎಂದು ಬಾಯಿ ಮುಚ್ಚಿಸಿದ್ದೇನೆ.

ಒಂದೇ ಒಂದು ಅನುಮಾನ. ಹೊಸ ತಲೆ, ಹೊಸ ಭಾಷೆ ಅಂದೆಯಲ್ಲ. ಹಾಗಾದರೆ ಹಳೆಯ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಅದಕ್ಕೆ ತಿಳಿಯುತ್ತದೆಯೇ? ಡಾಕ್ಟರಮ್ಮ ಕೊಟ್ಟದ್ದು ನಡೆಯದಿದ್ದರೆ ನನಗೆ ಕಷ್ಟ. ಇದೊಂದನ್ನು ಸರಿಯಾಗಿ ವಿಚಾರಿಸಿ ಬರೆ.

ನಾನು ಕೆಲವು ದಿನ ಕಾರು ಹತ್ತುತ್ತಿಲ್ಲ. ಆಫೀಸಿನಲ್ಲಿ ಕೂತು ಅರ್ಜಿ ತುಂಬಿಸುತ್ತಿದ್ದೇನೆ. ಗಂಟಲಿಗೆ ಸ್ವಲ್ಪ ವಿಶ್ರಾಂತಿ.

ಅಕ್ಕ


ಆಗಸ್ಟ್ 22

ಅಕ್ಕಾ,

ತಡವಾಯಿತು, ಬೈಯಬೇಡ. ಪ್ರೆಸ್ಸಿನಲ್ಲಿ ಉಸಿರಾಡಲು ಬಿಡುವಿಲ್ಲ. ಮನೆಯಲ್ಲಿ ಇವಳಿಗೆ ಕಾಲು ಊದಿಕೊಂಡಿದೆ, ಅಡುಗೆ ನನ್ನದೇ. ನಾನು ಮಾಡಿದ್ದನ್ನು ಅವಳು ಕಣ್ಣು ಮುಚ್ಚಿಕೊಂಡು ತಿನ್ನುತ್ತಾಳೆ.

ನಿನ್ನ ಪ್ರೋಗ್ರಾಂ ಓಡುತ್ತದೆ, ಓಡದೆ ಏನು. ಹೊಸ ಚಿಪ್ಪಿನ ಒಳಗೇ ಒಬ್ಬ ದುಭಾಷಿಯನ್ನು ಕೂರಿಸಿದ್ದಾರೆ. ಹಳೆಯ ಭಾಷೆಯಲ್ಲಿ ಹೇಳಿದ್ದನ್ನು ಅವನು ಹೊಸದಕ್ಕೆ ತಿರುಗಿಸಿ ಹೇಳುತ್ತಾನೆ. ನಿಶ್ಚಿಂತೆಯಾಗಿರು. ಬಾರಿ ಬಾರಿ ಅದನ್ನೇ ಕೇಳಿ ಭಾವನ ತಲೆಯನ್ನೂ ಕೆಡಿಸಬೇಡ.

ಗಂಟಲಿಗೆ ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ವರ್ಷಾನುಗಟ್ಟಲೆ ರಸ್ತೆ ಮೇಲೆ ಕಿರುಚಿದರೆ ಇನ್ನೇನಾಗುತ್ತದೆ? ಹೋದ ವಾರ ಫೋನಿನಲ್ಲಿ ನಾನು ಹೇಳಿದ್ದಕ್ಕೆಲ್ಲ ನೀನು ಬರೀ "ಹೂಂ" ಅಂದೆ. ಏನಾದರೂ ಸಿಟ್ಟಿದ್ದರೆ ನೇರವಾಗಿ ಹೇಳು. ರಜೆಗೆ ಬರಲಿಲ್ಲ ಎಂದೇ? ಇವಳನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೇಗೆ ಬರಲಿ?

ತಮ್ಮ


ನವೆಂಬರ್ 29

ಪ್ರೀತಿಯ ತಮ್ಮನಿಗೆ,

ನಿನಗೆ ಮಗಳು ಹುಟ್ಟಿದ ಸುದ್ದಿ ತಿಳಿದು ಚಿಲ್ಟಾರಿ ಮನೆ ತುಂಬ ಕುಣಿದಳು. ಫೋಟೋದಲ್ಲಿ ಮೂಗು ನಮ್ಮ ಕಡೆಯದು, ಪಾಪ.

ಹೊಸ ಕಂಪ್ಯೂಟರು ಬಂತು. ನೀನು ಹೇಳಿದ ಹಾಗೆಯೇ ಇದೆ. ಹಗುರ, ತಣ್ಣಗೆ, ಸದ್ದೇ ಇಲ್ಲ. ಚಿಲ್ಟಾರಿ ಅದರ ಮುಚ್ಚಳಕ್ಕೆ ಆಗಲೇ ನಕ್ಷತ್ರದ ಸ್ಟಿಕ್ಕರ್ ಅಂಟಿಸಿದ್ದಾಳೆ.

ಆದರೆ ಆ ಪ್ರೋಗ್ರಾಂ ತೆರೆಯುತ್ತಿಲ್ಲ. ಹೆಸರು ಕಾಣುತ್ತದೆ, ಒತ್ತಿದರೆ ಕುಪ್ಪಳಿಸಿ ಮಾಯವಾಗುತ್ತದೆ. ಡಬ್ಬಿಯನ್ನು ಅದು ಗುರುತೇ ಹಿಡಿಯುತ್ತಿಲ್ಲ. ಮಾಡಿದವರಿಗೆ ಬರೆದೆವು. ಅವರದು ಚಿಕ್ಕ ಕಂಪನಿ, ಹೊಸ ಚಿಪ್ಪಿಗೆ ಬರೆಯಲು ಇನ್ನೂ ಕೈ ಹಾಕಿಲ್ಲವಂತೆ. ಮುಂದಿನ ವರ್ಷ ನೋಡೋಣ ಎಂದಿದ್ದಾರೆ.

ಹಳೆಯ ಚಿಪ್ಪಿನದು ಎಲ್ಲಾದರೂ ಸಿಗಬಹುದೇ? ಇಲ್ಲಿಯ ಅಂಗಡಿಯಲ್ಲಿ ಎಲ್ಲ ಖಾಲಿ. ಅವಸರವೇನಿಲ್ಲ. ಆದರೂ ಬೇಗ ಸಿಕ್ಕರೆ ಒಳ್ಳೆಯದು.

ಅಕ್ಕ


ಡಿಸೆಂಬರ್ 7

ಅಕ್ಕಾ,

ಇದೆಂಥ ಪ್ರೋಗ್ರಾಂ ಕಟ್ಟಿಕೊಂಡು ಒದ್ದಾಡುತ್ತೀಯ! ಧ್ವನಿ ಹಿಡಿಯಲು ಬೇಕಾದಷ್ಟು ಇವೆ, ಬಿಟ್ಟಿಯಾಗಿ ಸಿಗುತ್ತವೆ. ಆ ಡಬ್ಬಿ ಬಿಸಾಕು. ಹಳೆಯದಕ್ಕೆ ಈಗ ಜನ ಮುಗಿಬಿದ್ದಿದ್ದಾರೆ, ಇಲ್ಲೂ ಸಿಗುವುದಿಲ್ಲ.

ನೀನು ಫೋನ್ ಎತ್ತಿ ಪರದೆಯ ಮೇಲೆ ಏನು ಬರುತ್ತಿದೆ ಎಂದು ಹೇಳಿದರೆ ಕೂತಲ್ಲೇ ಸರಿ ಮಾಡಿಕೊಡುತ್ತೇನೆ. ಆದರೆ ನಾನು ಮಾಡಿದಾಗಲೆಲ್ಲ ಭಾವನೇ ಎತ್ತುತ್ತಾರೆ. "ಸ್ನಾನಕ್ಕೆ ಹೋಗಿದ್ದಾಳೆ." ಬೆಳಿಗ್ಗೆ ಮಾಡಿದರೂ ಸ್ನಾನ, ಸಂಜೆ ಮಾಡಿದರೂ ಸ್ನಾನ. ಇಷ್ಟು ಸ್ನಾನ ಮಾಡುವವರನ್ನು ನಾನು ಕಂಡಿಲ್ಲ. ಮಗುವಿನ ಹೆಸರು ಯಾವುದಿಡೋಣ ಎಂದು ಕೇಳಲು ಮಾಡಿದ್ದೆ. ಸ್ವಂತ ಅಕ್ಕ ಒಂದು ಮಾತು ಆಡಲಿಲ್ಲ ಎಂದು ಇವಳ ಮುಂದೆ ನನಗೆ ತಲೆ ತಗ್ಗಿಸುವ ಹಾಗಾಯಿತು.

ತಮ್ಮ


ಡಿಸೆಂಬರ್ 18

ಪ್ರೀತಿಯ ತಮ್ಮನಿಗೆ,

ಕೂತು ಓದು.

ನನಗೆ ಮಾತು ಹೋಗುತ್ತಿದೆ. ಗಂಟಲಲ್ಲ, ನರ. ನಾಲಿಗೆಗೆ ಮೆದುಳು ಹೇಳಿ ಕಳಿಸಿದ್ದು ಪೂರ್ತಿ ತಲುಪುತ್ತಿಲ್ಲ. ಈ ಕಾಯಿಲೆ ವಾಸಿಯಾಗುವಂಥದ್ದಲ್ಲ. ಕೈಕಾಲು ಇನ್ನೂ ಚೆನ್ನಾಗಿವೆ, ಬುದ್ಧಿಗೇನೂ ಆಗುವುದಿಲ್ಲವಂತೆ. ಬುದ್ಧಿ ಇದೆ ಎಂದು ಒಪ್ಪಿಕೊಂಡ ಮೊದಲ ಡಾಕ್ಟರು ಎಂದು ನಿನ್ನ ಭಾವ ಆ ದಿನವೂ ನಗಿಸಲು ನೋಡಿದರು.

ಜೂನ್‌ಗೆ ಮೊದಲೇ ಗೊತ್ತಿತ್ತು. ಬ್ಯಾಂಕ್ ಮ್ಯಾನೇಜರಿಗೆ ಕೇಳಿಸಿದ್ದು ಸರಿಯಾಗಿಯೇ ಇತ್ತು. ನಾನು "ಇಳ್ಸಿ" ಎಂದೇ ಅಂದಿದ್ದೆ. ಆಮೇಲೆ ಇನ್ನೊಬ್ಬ ಹುಡುಗಿಯ ಅಪ್ಪ ಬಂದು "ಮೇಷ್ಟ್ರಮ್ಮ ಕುಡ್ಕೊಂಡು ಬರ್ತಾರೆ, ನಾಲ್ಗೆ ತೊದಲುತ್ತೆ" ಎಂದು ಮಾಲೀಕರಿಗೆ ದೂರು ಕೊಟ್ಟರು. ಮಾಲೀಕರು ನನ್ನನ್ನು ಕೂರಿಸಿ, ಮುಖ ನೋಡದೆ, "ಮನೇಲೇನಾದ್ರೂ ತೊಂದ್ರೆನಾ ಅಮ್ಮ?" ಎಂದು ಕೇಳಿದರು. ಇಷ್ಟು ವರ್ಷ ಅವರ ಕಾರಿಗೆ ಗೀರು ಬೀಳದಂತೆ ಕಲಿಸಿದವಳು ನಾನು. ಅರ್ಜಿ ತುಂಬುವ ಕೆಲಸಕ್ಕೆ ನಾನೇ ಕೇಳಿಕೊಂಡು ಹೋದೆ. ಈಗ ಅದೂ ಇಲ್ಲ.

ಡಾಕ್ಟರಮ್ಮ ಎಂದೆನಲ್ಲ, ಅವರು ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವವರು. "ಧ್ವನಿ ಚೆನ್ನಾಗಿರೋವಾಗ್ಲೇ ಕೂಡಿಟ್ಕೊಳ್ಳಿ" ಎಂದರು. ರಾಶಿ ವಾಕ್ಯಗಳನ್ನು ಓದಿ ಒಳಗೆ ಹಾಕಿದರೆ, ಆ ಪ್ರೋಗ್ರಾಂ ಅದರಿಂದ ನನ್ನದೇ ಧ್ವನಿಯನ್ನು ಕಟ್ಟುತ್ತದೆ. ನಾಳೆ ನಾನು ಟೈಪ್ ಮಾಡಿದ್ದನ್ನು ಅದು ನನ್ನ ಧ್ವನಿಯಲ್ಲಿ ಹೇಳುತ್ತದೆ. ಆಸ್ಪತ್ರೆಯಲ್ಲಿ ಒಂದೇ ಕಂಪ್ಯೂಟರು, ಸರದಿ ಸಿಗುವುದಿಲ್ಲ. ಮನೆಯಲ್ಲೇ ದಿನಾ ಸ್ವಲ್ಪ ಸ್ವಲ್ಪ ಓದಬೇಕು. ಬಿಟ್ಟಿಯಾಗಿ ಸಿಗುವವು ಧ್ವನಿ ಹಿಡಿಯುತ್ತವೆ, ಕಟ್ಟುವುದಿಲ್ಲ.

ಜೂನ್‌ನಲ್ಲಿ ಒಂದು ಅಕ್ಷರ ಎಡವುತ್ತಿತ್ತು. ಈಗ ನಿನ್ನ ಭಾವನಿಗೂ ಎರಡು ಸಲ ಹೇಳಬೇಕು.

ನಿನಗೆ ಹೇಳಲಿಲ್ಲ. ನಿನ್ನ ಹೆಂಡತಿ ತುಂಬಿದ ಬಸುರಿ, ನೀನೋ ಸಣ್ಣದಕ್ಕೆಲ್ಲ ಗಾಬರಿ ಬೀಳುವವನು. ಹೆರಿಗೆಯಾಗಲಿ ಎಂದುಕೊಂಡೆ. ಸ್ನಾನದ ಸುಳ್ಳು ನಾನೇ ಹೇಳಿಕೊಟ್ಟದ್ದು. ನಿನ್ನ ಭಾವನಿಗೆ ಬೇರೆ ಸುಳ್ಳು ಬರುವುದಿಲ್ಲ.

ನಿನ್ನ ತಪ್ಪೇನೂ ಇಲ್ಲ. ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಟ್ಟೆ. ಕೇಳಬೇಕಾದ ಹಾಗೆ ನಾನು ಕೇಳಲಿಲ್ಲ.

ಅಕ್ಕ


ಡಿಸೆಂಬರ್ 27

ಅಕ್ಕಾ,

ಈ ಪತ್ರ ಎಷ್ಟನೆಯ ಸಲ ಬರೆಯುತ್ತಿದ್ದೇನೋ. ಹರಿದು ಹಾಕಿದ್ದನ್ನೆಲ್ಲ ಸೇರಿಸಿದರೆ ಒಂದು ಪಠ್ಯಪುಸ್ತಕವಾಗುತ್ತದೆ.

ನಿನಗೆ "ಓಡುತ್ತದೆ" ಎಂದು ಬರೆದೆನಲ್ಲ ಆಗಸ್ಟ್‌ನಲ್ಲಿ, ಅದೇ ವಾರ ನಾನು ಹಳೆಯ ಚಿಪ್ಪಿನದನ್ನು ನನಗಾಗಿ ಕೊಂಡೆ. ಪುಟ ಕಟ್ಟುವ ನನ್ನ ಪ್ರೋಗ್ರಾಂ ಹೊಸದರಲ್ಲಿ ನಡೆಯುವುದು ಅನುಮಾನ ಎಂದು ಪ್ರೆಸ್ಸಿನಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ನನ್ನದು ಹೊಟ್ಟೆಪಾಡು, ನಿನ್ನದು ಕಥೆ ಹೇಳುವ ಶೋಕಿ ಎಂದುಕೊಂಡೆ. ನಿನ್ನ ಪ್ರೋಗ್ರಾಮಿನ ಹೆಸರನ್ನೂ ಕೇಳಲಿಲ್ಲ. ಸರಿಯಾಗಿ ವಿಚಾರಿಸು ಎಂದು ನೀನು ಬರೆದಿದ್ದೆ. ನಾನು ಯಾರನ್ನೂ ವಿಚಾರಿಸಲಿಲ್ಲ ಅಕ್ಕಾ. ನನಗೆ ಗೊತ್ತಿದೆ ಎಂದು ನನಗೆ ಗೊತ್ತಿತ್ತು, ಅಷ್ಟೇ.

ಅಂಗಡಿಯಲ್ಲಿ ಎರಡು ಉಳಿದಿದ್ದವು. ನನ್ನದನ್ನು ಕಟ್ಟಿಕೊಡುತ್ತ ಅವನು, "ಇನ್ನೊಂದು ಉಳ್ದಿದೆ ಸಾರ್, ಮನೇಲಿ ಯಾರಿಗಾದ್ರೂ ಬೇಕಾ?" ಎಂದು ಕೇಳಿದ. "ಬೇಡ" ಅಂದೆ. ನಿನ್ನ ನೆನಪು ಬಂದಿತ್ತು. ಬರಲಿಲ್ಲ ಎಂದು ಸುಳ್ಳು ಹೇಳಲಾರೆ. ಬಂತು. ನಿನಗೆ ಕಾಯಲು ಹೇಳಿ ಈಗ ನಾನೇ ಹಳೆಯದನ್ನು ಕೊಡಿಸಿದರೆ ನೀನು ಮತ್ತೆ ಪೇಪರ್‌ವೇಟ್ ಎಂದು ಆಡಿಕೊಳ್ಳುತ್ತೀಯ ಎನಿಸಿತು. ಅದಕ್ಕೆ ಬೇಡ ಅಂದೆ. ಇಷ್ಟು ಸಣ್ಣ ಮಾತಿಗೆ.

ನಿನ್ನ ಪತ್ರ ಬಂದ ದಿನ ಫೋನ್ ಮಾಡಿದೆ. ನೀನೇ ಎತ್ತಿದೆ. ಒಂದು ಮಾತು ಆಡಿದೆ, ನನಗೆ ಏನೆಂದು ತಿಳಿಯಲಿಲ್ಲ. ನಾನು ಇಟ್ಟುಬಿಟ್ಟೆ. ಲೈನ್ ಕಟ್ ಆಯಿತು ಎಂದು ಆಮೇಲೆ ಭಾವನಿಗೆ ಹೇಳಿದೆ. ಕಟ್ ಆಗಿರಲಿಲ್ಲ.

ನನ್ನ ಕಂಪ್ಯೂಟರನ್ನು ಪಾರ್ಸೆಲ್ ಮಾಡಿದ್ದೇನೆ. ಅದರಲ್ಲಿದ್ದ ನನ್ನದನ್ನೆಲ್ಲ ಅಳಿಸಿದ್ದೇನೆ. ಪ್ರೆಸ್ಸಿನವರದರಲ್ಲಿ ಸರದಿಯ ಮೇಲೆ ಕೆಲಸ ಮಾಡಿಕೊಳ್ಳುತ್ತೇನೆ. ಮಗುವಿಗೆ ಜ್ವರ, ಅದಕ್ಕೇ ನಾನು ಬರಲಿಲ್ಲ. ಜ್ವರ ಇರುವುದು ನಿಜ.

ಬೈದು ಬರೆ.

ತಮ್ಮ


ಜನವರಿ 20

ತಮ್ಮಾ,

ಕಂಪ್ಯೂಟರು ತಲುಪಿತು. ಪ್ರೋಗ್ರಾಂ ಮೊದಲ ಒತ್ತಿಗೇ ತೆರೆಯಿತು, ಡಬ್ಬಿಯ ದೀಪ ಹಸಿರಾಯಿತು. ನಿನ್ನ ಭಾವ ಮುಖ ಆಚೆ ತಿರುಗಿಸಿಕೊಂಡರು.

ಬಟ್ಟೆಯ ಬೀರುವಿನ ಬಾಗಿಲು ತೆಗೆದು, ನೇತುಹಾಕಿದ ಕೋಟುಗಳ ನಡುವೆ ತಲೆ ತೂರಿಸಿಕೊಂಡು ಓದುತ್ತೇನೆ. ಅಲ್ಲಿ ಸದ್ದು ಕಡಿಮೆ. ಓದಲು ಕೊಟ್ಟ ವಾಕ್ಯಗಳಿಗೆ ತಲೆಬುಡವಿಲ್ಲ. "ದೋಣಿಯವನು ಏಣಿಯನ್ನು ಮಾರಿದನು." "ನಿಮ್ಮ ಒಂಟೆಗೆ ನೀರು ಕೊಟ್ಟಿರಾ?" ಬಾಗಿಲ ಹೊರಗೆ ಚಿಲ್ಟಾರಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾಳೆ. ಒಂದು ಗಂಟೆ ಓದಿದರೆ ಉಳಿದ ದಿನ ಮಾತಾಡಲು ಆಗುವುದಿಲ್ಲ. ಕೂಡಿಡುವುದಕ್ಕೆ ಖರ್ಚು ಮಾಡುತ್ತಿದ್ದೇನೆ.

ಡಾಕ್ಟರಮ್ಮ ರೆಕಾರ್ಡು ಕೇಳಿ ನೋಡಿದರು. ಆಮೇಲೆ, "ಈಗ ಹೇಗಿದ್ಯೋ ಹಾಗೇ ಬರುತ್ತೆ. ಪರವಾಗಿಲ್ವಾ?" ಎಂದರು. ಪರವಾಗಿಲ್ಲ ಅಂದೆ. ಇನ್ನೇನು ಹೇಳಲಿ?

ಬೈದು ಬರೆ ಅಂದೆಯಲ್ಲ. ನಿನ್ನ ತಪ್ಪೇನೂ ಇಲ್ಲ ಎಂದು ಬರೆದಾಗ ನಾನು ಪೂರ್ತಿ ನಿಜ ಬರೆದಿರಲಿಲ್ಲ. ಒಳಗೆ ಕುದಿಯುತ್ತಿದ್ದೆ. ಎರಡು ಉಳಿದಿದ್ದವು ಎಂದು ಓದಿದಾಗ ಆ ಹಾಳೆಯನ್ನು ಮುದ್ದೆ ಮಾಡಿ ಬಿಸಾಡಿದೆ. ನಿನ್ನ ಭಾವ ಎತ್ತಿ ನೀವಿ ಇಟ್ಟರು. ಕಾಯಿಲೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ, ಅದಕ್ಕೆ ಮುಖವಿಲ್ಲ. ನಿನಗಿದೆ. ಹಾಗಾಗಿ ಕೆಲವು ದಿನ ಎಲ್ಲವನ್ನೂ ನಿನ್ನ ಮೇಲೆ ಹೊರಿಸಿದೆ, ಒಂದು ಥರದ ಆರಾಮವೂ ಆಯಿತು. ಈಗ ಅದಕ್ಕೆ ನಾಚಿಕೆಯಾಗುತ್ತಿದೆ. ಒಂದು ಸಾಲಿನಲ್ಲಿ ನಿಜ ಹೇಳಿದ್ದರೆ ನೀನು ಅಂದೇ ಕಂಪ್ಯೂಟರು ಹೊತ್ತು ತರುತ್ತಿದ್ದೆ. ನನಗೂ ಗೊತ್ತು.

ಫೋನ್ ಇಟ್ಟದ್ದು ನನಗೆ ಗೊತ್ತಾಗಿತ್ತು. "ನಾನೇ ಕಣೋ" ಎಂದಿದ್ದೆ.

ಮಗುವಿನ ಜ್ವರ ಬಿಟ್ಟಿರಬೇಕು. ಬಾ.

ಅಕ್ಕ


ಮಾರ್ಚ್ 2

ಅಕ್ಕಾ,

ಮನೆ ಸೇರಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನ್ನ ಅಡುಗೆಮನೆಯೇ ಕಣ್ಣ ಮುಂದಿತ್ತು.

ಬಂದ ದಿನ ನೀನು ಬಾಯಿ ತೆರೆದಾಗಲೆಲ್ಲ ನಾನೇ ನಿನ್ನ ಮಾತು ಮುಗಿಸುತ್ತಿದ್ದೆ. ನಿನಗೆ ನೀರು ಬೇಕು ಎಂದುಕೊಂಡು ಲೋಟ ತಂದೆ, ಕಿಟಕಿ ಎಂದುಕೊಂಡು ಕಿಟಕಿ ಹಾಕಿದೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಚಿಲ್ಟಾರಿ ಚಮಚ ಕೆಳಗಿಟ್ಟು, "ಮಾಮ, ಅಮ್ಮನೇ ಮುಗಿಸ್ಲಿ. ನೀನ್ಯಾಕೆ ಅಡ್ಡ ಬಾಯಿ ಹಾಕ್ತೀಯ?" ಎಂದಳು. ಭಾವ ಅವಳನ್ನು ಗದರಲಿಲ್ಲ. ಆಮೇಲೆ ಸುಮ್ಮನೆ ಕೂತೆ. ನೀನು ಹೇಳಬೇಕೆಂದಿದ್ದು ನೀರಲ್ಲ, ಕಿಟಕಿಯಲ್ಲ. "ದಪ್ಪ ಆಗಿದ್ದೀಯ" ಎಂದು. ಅದನ್ನು ಹೇಳಲು ನೀನು ಅಷ್ಟು ಕಷ್ಟಪಟ್ಟೆಯಲ್ಲ!

ನಾನು ಜೂನ್‌ನಲ್ಲಿ "ತಗೋ" ಎಂದಿದ್ದರೆ ಎಂದು ದಿನಾ ಲೆಕ್ಕ ಹಾಕುತ್ತೇನೆ. ಇವಳು ಬಿಡು ಎನ್ನುತ್ತಾಳೆ. ಬಿಡಲು ಆಗುತ್ತಿಲ್ಲ. ಪ್ರೆಸ್ಸಿನಲ್ಲಿ ಯಾರಾದರೂ ಕಂಪ್ಯೂಟರಿನ ಬಗ್ಗೆ ಸಲಹೆ ಕೇಳಿದರೆ ಈಗ, "ಯಾತಕ್ಕೆ ಬೇಕು, ಮೊದಲು ಅದನ್ನು ಹೇಳಿ" ಎನ್ನುತ್ತೇನೆ. ಮನೆ ವಿಷಯವೆಲ್ಲ ಕೆದಕಿ ಕೇಳುತ್ತಾನೆ ಎಂದು ಅವರು ಬೇರೆಯವರ ಹತ್ತಿರ ಹೋಗುತ್ತಿದ್ದಾರೆ.

ನನಗೆ ಏನಾದರೂ ಕೆಲಸ ಹೇಳು ಅಕ್ಕಾ. ಏನಾದರೂ.

ತಮ್ಮ


ಏಪ್ರಿಲ್ 11

ಪ್ರೀತಿಯ ತಮ್ಮನಿಗೆ,

ಧ್ವನಿ ತಯಾರಾಗಿ ಬಂತು.

ಮೂವರೂ ಊಟದ ಮೇಜಿನ ಸುತ್ತ ಕೂತೆವು. ಮೊದಲು ಏನು ಹೇಳಿಸುವುದೆಂದು ತಿಳಿಯದೆ, "ತಟ್ಟೆ ಎತ್ತಿಡು" ಎಂದು ಟೈಪ್ ಮಾಡಿದೆ. ಕಂಪ್ಯೂಟರು ನಿಧಾನವಾಗಿ, ತೊಡರುತ್ತ, ನಾಲಿಗೆ ದಪ್ಪವಾದವರ ಹಾಗೆ ಹೇಳಿತು. ಜನವರಿಯ ನಾನು. ಬೀರುವಿನೊಳಗಿನ ನಾನು. ಚಿಲ್ಟಾರಿ ಎದ್ದು ತಟ್ಟೆ ಎತ್ತಿಟ್ಟಳು. ನಿನ್ನ ಭಾವ ಮೆಟ್ಟಿಲ ಹತ್ತಿರ ಹೋಗಿ ನಿಂತು ಬಹಳ ಹೊತ್ತು ಒಳಗೆ ಬರಲಿಲ್ಲ. ಅವರು ಬೇರೆಯದೇ ಧ್ವನಿಗೆ ಕಾದಿದ್ದರು ಎಂದು ಕಾಣುತ್ತದೆ.

ಬಾಯಿಂದ ಈಗ ಹೆಚ್ಚೇನೂ ಹೊರಡುವುದಿಲ್ಲ. ಕಂಪ್ಯೂಟರೇ ಮಾತಾಡುತ್ತದೆ. ತರಕಾರಿಯವನಿಗೆ ಅದು ಅರ್ಥವಾಗುತ್ತದೆ, ಅಷ್ಟು ಸಾಕು. ಡ್ರೈವಿಂಗ್ ಸ್ಕೂಲಿಗೂ ಒಂದು ದಿನ ಎತ್ತಿಕೊಂಡು ಹೋಗಿದ್ದೆ. ಮಾಲೀಕರ ಮುಂದೆ ಇಟ್ಟು, "ನಾನು ಕುಡೀತಿರ್ಲಿಲ್ಲ" ಎಂದು ಹೇಳಿಸಿದೆ. ಅವರು ಎದ್ದು ನಿಂತುಬಿಟ್ಟರು.

ಈಗ ನಿನ್ನ ಕೆಲಸದ ವಿಷಯ.

ನಿನ್ನೆ ಚಿಲ್ಟಾರಿ ಬಂದು ಮಡಿಲಲ್ಲಿ ಕೂತು ಕೇಳಿದಳು: "ಅಮ್ಮಾ, ಮೊದ್ಲು ನೀನು ಹೆಂಗೆ ಮಾತಾಡ್ತಿದ್ದೆ? ನಂಗೆ ನೆನಪೇ ಬರ್ತಾ ಇಲ್ಲ." ಹೋದ ವರ್ಷದ ಮಾತು ತಮ್ಮಾ ಇದು. ಅಷ್ಟರಲ್ಲೇ ಮರೆತಿದ್ದಾಳೆ. ಅವಳ ಮಟ್ಟಿಗೆ ಈಗ ಇದೇ ಅಮ್ಮನ ಧ್ವನಿ. ನಾನು ಹೇಗೆ ತೋರಿಸಲಿ? ಎಷ್ಟು ಟೈಪ್ ಮಾಡಿದರೂ ಬರುವುದು ಜನವರಿಯದೇ. ನಿನ್ನ ಭಾವನನ್ನು ಕೇಳಿದಳು. ಅವರಿಂದ ಆಗಲಿಲ್ಲ.

ನಿನಗೆ ನೆನಪಿದೆ. ಚಿಕ್ಕಂದಿನಿಂದ ಕೇಳಿದ್ದೀಯ, ಹೆದರಿದ್ದೀಯ, ನನ್ನ ಹಾಗೆ ಮಾತಾಡಿ ತೋರಿಸಿ ಏಟೂ ತಿಂದಿದ್ದೀಯ. ರಜೆ ಶುರುವಾದ ಕೂಡಲೇ ಅವಳನ್ನು ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ನಾನು ಹೇಗೆ ಕೂಗುತ್ತಿದ್ದೆ, ಹೇಗೆ ಬೈಯುತ್ತಿದ್ದೆ, ನಗುವಾಗ ಎಲ್ಲಿ ಉಸಿರು ಕಟ್ಟುತ್ತಿತ್ತು, ಎಲ್ಲ ಮಾಡಿ ತೋರಿಸು. ಅಳುತ್ತ ತೋರಿಸಬೇಡ, ಅವಳು ಹೆದರಿಕೊಳ್ಳುತ್ತಾಳೆ.

ಇಂಪಾಗಿತ್ತು ಎಂದು ಮಾತ್ರ ಹೇಳಬೇಡ. ಹಾಗೆ ಹೇಳಿದರೆ ಅದು ನಾನಲ್ಲ.

ಅಕ್ಕ